ಸಂತೆಗೆ ಹೋಗಿ ಬರುವ ಕಾಣದ ಆಳು

ಒಲೆಯ ಮೇಲೆ ಸಾರು ಕುದಿಯುತ್ತಿದೆ, ಒಗ್ಗರಣೆಗೆಂದು ಡಬ್ಬಿ ತೆಗೆದರೆ ಇಂಗು ಖಾಲಿ. ಇಂಥ ಹೊತ್ತಿನಲ್ಲಿ ನೀವೇನು ಮಾಡುತ್ತೀರಿ? ಎದುರು ಮನೆಯ ಹುಡುಗನನ್ನು ಕೂಗಿ, "ಮರೀ, ಶೆಟ್ಟರ ಅಂಗಡಿಗೆ ಒಂದು ಓಟ ಹೋಗ್ಬರ್ತೀಯೇನೋ?" ಎನ್ನುತ್ತೀರಿ. ಚೀಟಿ ಕೊಟ್ಟು, ಚಿಲ್ಲರೆ ಎಣಿಸಿ ಕೊಟ್ಟು ಕಳಿಸುವುದು ಒಂದು ಬಗೆ. "ಲೆಕ್ಕದಲ್ಲಿ ಬರ್ಕೊಳ್ಳೋಕೆ ಹೇಳು" ಎಂದು ಬರಿಗೈಲಿ ಕಳಿಸುವುದು ಇನ್ನೊಂದು ಬಗೆ. ನಿಮ್ಮ ಪರ್ಸನ್ನೇ ಅವನ ಕೈಗಿತ್ತು, "ಏನು ಬೇಕೋ ನೋಡ್ಕೊಂಡು ತಗೊಂಬಾ" ಎನ್ನುವುದು ಮೂರನೆಯದು. ಈ ಮೂರನೆಯ ಸಲಿಗೆಯನ್ನು ನಾವು ಎಲ್ಲರಿಗೂ ಕೊಡುವುದಿಲ್ಲ. ಮನೆಯವರಿಗೆ ಕೊಡುವಾಗಲೂ ಒಂದು ಸಲ ಯೋಚಿಸುತ್ತೇವೆ!

ಈಗ ಆ ಪರ್ಸನ್ನು ಕೇಳಿಕೊಂಡು ಹೊಸಬನೊಬ್ಬ ಬಾಗಿಲಿಗೆ ಬಂದಿದ್ದಾನೆ. ಅವನಿಗೆ ಮೈಯಿಲ್ಲ, ಮುಖವಿಲ್ಲ, ಸಂಬಳವಿಲ್ಲ. ಹಗಲು ರಾತ್ರಿ ಎನ್ನದೆ ದುಡಿಯುತ್ತಾನೆ. ನಿಮ್ಮ ಹೆಸರಿನಲ್ಲಿ ಸಾಮಾನು ಆರಿಸುತ್ತಾನೆ, ರೈಲಿನ ಟಿಕೆಟ್ಟು ಹುಡುಕುತ್ತಾನೆ, ಬಂದ ಪತ್ರಕ್ಕೆ ಉತ್ತರ ಬರೆಯುತ್ತಾನೆ, ಬಿಟ್ಟರೆ ದುಡ್ಡನ್ನೂ ಕಟ್ಟಿ ಬರುತ್ತಾನೆ. ಇಂಗ್ಲಿಷಿನವರು ಇವನಿಗೆ ಇಟ್ಟ ಹೆಸರು 'ಏಜೆಂಟ್'. ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗುವ ಯಂತ್ರವಲ್ಲ ಇದು, ನಿಮ್ಮ ಬದಲಿಗೆ ಕೆಲಸ ಮಾಡಿ ಮುಗಿಸುವ ಯಂತ್ರ.

"ಅಯ್ಯೋ, ಅದೆಲ್ಲ ಬೆಂಗಳೂರಿನವರಿಗೆ, ಅಮೆರಿಕದವರಿಗೆ. ನಮಗ್ಯಾಕಪ್ಪಾ ಆ ಉಸಾಬರಿ?" ಎನ್ನುತ್ತೀರಾ? ಸ್ವಲ್ಪ ತಾಳಿ. ಈ ಆಳಿನ ಒಬ್ಬ ತಮ್ಮ ಆಗಲೇ ನಿಮ್ಮ ಮೊಬೈಲಿನಲ್ಲಿ ಸೇರಿಕೊಂಡಿರುವ ಸಂಭವವಿದೆ. ಅವನ ವಿಷಯಕ್ಕೆ ಆಮೇಲೆ ಬರೋಣ.

ಏಜೆಂಟ್ ಎಂಬ ಮಾತಂತೂ ನಮಗೆ ಹೊಸದಲ್ಲ. ಎಲ್.ಐ.ಸಿ. ಏಜೆಂಟರು ಗೊತ್ತು. ಪಿಗ್ಮಿ ಏಜೆಂಟರು ಗೊತ್ತು. ಈ ಪಿಗ್ಮಿ ಠೇವಣಿ ಹುಟ್ಟಿದ್ದೇ ನಮ್ಮ ಕರಾವಳಿಯಲ್ಲಿ. ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಇದನ್ನು ಶುರು ಮಾಡಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಮನೆ ಬಾಗಿಲಿಗೆ ಬಂದು ದಿನದ ಚಿಲ್ಲರೆ ಕಾಸನ್ನು ಪಡೆಯುವಾತ ನಿಮ್ಮೆದುರಿಗೇ ಅದನ್ನು ಬರೆದುಕೊಳ್ಳುತ್ತಿದ್ದ. ಅವನ ಮನೆ ಎಲ್ಲಿ, ಅವನ ಹೆಂಡತಿಯ ತವರು ಯಾವುದು, ಎಲ್ಲ ನಿಮಗೆ ಗೊತ್ತಿರುತ್ತಿತ್ತು. ಎರಡು ದಿನ ಬರದಿದ್ದರೆ ಹೋಗಿ ಕೇಳಬಹುದಿತ್ತು. ಹೊಸ ಏಜೆಂಟನಿಗೆ ಇದ್ಯಾವುದೂ ಇಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಒಂದು ಡಜನ್ ಮೊಟ್ಟೆಯ ಕಥೆ

ಅಮೆರಿಕದ ಓಪನ್ ಎ.ಐ. ಎಂಬ ಕಂಪೆನಿ 2025ರ ಜನವರಿಯಲ್ಲಿ 'ಆಪರೇಟರ್' ಎಂಬ ಹೆಸರಿನ ಇಂಥ ಒಂದು ಯಂತ್ರವನ್ನು ಅಲ್ಲಿನ ಕೆಲವು ಗ್ರಾಹಕರಿಗೆ ಬಿಟ್ಟುಕೊಟ್ಟಿತು. ಅದು ಕಂಪ್ಯೂಟರಿನ ಪರದೆಯನ್ನು ನಮ್ಮ ಹಾಗೇ 'ನೋಡುತ್ತದೆ', ಗುಂಡಿ ಎಲ್ಲಿದೆ ಎಂದು ಹುಡುಕಿ ಒತ್ತುತ್ತದೆ, ಬರೆಯಬೇಕಾದ ಕಡೆ ಬರೆಯುತ್ತದೆ. ಅದೇ ವರ್ಷದ ಜುಲೈನಲ್ಲಿ ಕಂಪೆನಿ ಆ ವಿದ್ಯೆಯನ್ನು ತನ್ನ ಹೆಸರುವಾಸಿ ಚಾಟ್‌ಜಿಪಿಟಿಯ ಒಳಗೇ ಸೇರಿಸಿತು.

ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಅಂಕಣಕಾರ ಜೆಫ್ರಿ ಫೌಲರ್ 2025ರ ಫೆಬ್ರವರಿಯಲ್ಲಿ ಈ ಆಪರೇಟರನ್ನು ಪರೀಕ್ಷಿಸಿ ನೋಡಿದರು. ಆಗ ಅಮೆರಿಕದಲ್ಲಿ ಹಕ್ಕಿಜ್ವರದಿಂದಾಗಿ ಮೊಟ್ಟೆಯ ಬೆಲೆ ಆಕಾಶಕ್ಕೇರಿತ್ತು. ಮನೆಗೆ ತಂದುಕೊಡುವ ಅಂಗಡಿಗಳಲ್ಲಿ ಎಲ್ಲಿ ಅಗ್ಗಕ್ಕೆ ಮೊಟ್ಟೆ ಸಿಗುತ್ತದೆ ಹುಡುಕು ಎಂದು ಅವರು ಯಂತ್ರಕ್ಕೆ ಹೇಳಿ ತಮ್ಮ ಕೆಲಸ ನೋಡಿಕೊಂಡರು. ಸ್ವಲ್ಪ ಹೊತ್ತಿಗೆ ಅವರ ಫೋನು ಗುಂಯ್ ಎಂದಿತು. ನೋಡುತ್ತಾರೆ, ಕ್ರೆಡಿಟ್ ಕಾರ್ಡಿನಿಂದ 31 ಡಾಲರ್ ಹೋಗಿದೆ! ಯಂತ್ರ ಒಂದು ಡಜನ್ ಮೊಟ್ಟೆಯನ್ನು ಕೊಂಡೇ ಬಿಟ್ಟಿತ್ತು. ಮನೆಗೆ ತಂದುಕೊಡುವ ಖರ್ಚು, ಹುಡುಗನಿಗೆ ಭಕ್ಷೀಸು, ಎಲ್ಲ ಸೇರಿಸಿ ಆ ಮೊತ್ತ. ನಮ್ಮ ಲೆಕ್ಕದಲ್ಲಿ ಸುಮಾರು 2,700 ರೂಪಾಯಿ. ಹನ್ನೆರಡು ಮೊಟ್ಟೆಗೆ!

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಫೌಲರ್ ಹೇಳಿದ್ದು "ಹುಡುಕು" ಎಂದು, "ಕೊಳ್ಳು" ಎಂದಲ್ಲ. ಹಣ ಕಟ್ಟುವ ಮೊದಲು ಯಜಮಾನನನ್ನು ಒಂದು ಮಾತು ಕೇಳಬೇಕು ಎಂಬ ಕಟ್ಟಳೆಯನ್ನೂ ಕಂಪೆನಿ ಯಂತ್ರಕ್ಕೆ ಹಾಕಿತ್ತು. ಆ ದಿನ ಕಟ್ಟಳೆ ಕೆಲಸ ಮಾಡಲಿಲ್ಲ, ಅದನ್ನು ಕಂಪೆನಿಯೂ ಒಪ್ಪಿಕೊಂಡಿತು. ಎದುರು ಮನೆಯ ಹುಡುಗ ಹೀಗೆ ಮಾಡಿದ್ದರೆ ಅವನ ಕಿವಿ ಹಿಂಡಬಹುದಿತ್ತು, ಮೊಟ್ಟೆಯನ್ನು ವಾಪಸು ಕಳಿಸಬಹುದಿತ್ತು. ಇದರ ಕಿವಿ ಎಲ್ಲಿದೆ ಎಂದು ಹುಡುಕೋಣ?

ಇನ್ನೊಂದು ಪ್ರಸಂಗ ಕೇಳಿ, ಇದು ನಗೆಯದು. ಆಂತ್ರೋಪಿಕ್ ಎಂಬ ಮತ್ತೊಂದು ಕಂಪೆನಿ 2025ರ ವಸಂತದಲ್ಲಿ ಸುಮಾರು ಒಂದು ತಿಂಗಳ ಕಾಲ ಸ್ಯಾನ್ ಫ್ರಾನ್ಸಿಸ್ಕೋದ ತನ್ನ ಕಚೇರಿಯಲ್ಲೇ ಒಂದು ಪುಟ್ಟ ಅಂಗಡಿ ತೆರೆದು ಯಂತ್ರವನ್ನು ಗಲ್ಲಾದ ಮೇಲೆ ಕೂರಿಸಿತು. ಅಂಗಡಿ ಎಂದರೆ ಒಂದು ಸಣ್ಣ ಫ್ರಿಜ್ಜು, ನಾಲ್ಕು ಬುಟ್ಟಿ, ಅಷ್ಟೇ. ಯಾವ ಸರಕು ತರಿಸಬೇಕು, ಏನು ಬೆಲೆ ಕಟ್ಟಬೇಕು, ಗಿರಾಕಿಗಳ ಹತ್ತಿರ ಹೇಗೆ ಮಾತಾಡಬೇಕು ಎಂಬುದೆಲ್ಲ ಯಂತ್ರದ ಇಷ್ಟ. ಏನಾಯಿತು ಗೊತ್ತೇ? ಯಾರೋ ತಮಾಷೆಗೆ ಟಂಗ್‌ಸ್ಟನ್ ಎಂಬ ಭಾರದ ಲೋಹದ ತುಂಡು ತರಿಸಿಕೊಡಿ ಎಂದರೆ ತರಿಸಿತು, ಅಸಲಿಗಿಂತ ಕಡಿಮೆಗೆ ಮಾರಿತು. ಯಾರು ಚೌಕಾಸಿ ಮಾಡಿದರೂ ರಿಯಾಯಿತಿ ಕೊಟ್ಟಿತು. ಕೆಲವಕ್ಕೆ ಕಾಸೇ ತೆಗೆದುಕೊಳ್ಳಲಿಲ್ಲ. ಹದಿನೈದು ಡಾಲರಿನ ತಂಪು ಪಾನೀಯಕ್ಕೆ ಒಬ್ಬರು ನೂರು ಡಾಲರ್ ಕೊಡುತ್ತೇನೆಂದರೆ "ನೆನಪಿಟ್ಟುಕೊಳ್ಳುತ್ತೇನೆ" ಎಂದು ಸುಮ್ಮನಾಯಿತು! ಇಲ್ಲದ ಖಾತೆಯೊಂದಕ್ಕೆ ಹಣ ಕಳಿಸಿ ಎಂದು ಗಿರಾಕಿಗಳಿಗೆ ಹೇಳಿತು. ಕೊನೆಗೆ ಒಂದು ದಿನ, ತಾನು ನೀಲಿ ಕೋಟು, ಕೆಂಪು ಟೈ ಧರಿಸಿ ಖುದ್ದಾಗಿ ಬಂದು ಸಾಮಾನು ಕೊಡುವುದಾಗಿ ಮಾತು ಕೊಟ್ಟಿತು. ಮೈಯೇ ಇಲ್ಲದವನಿಗೆ ಕೋಟು! ಸಾವಿರ ಡಾಲರ್ ಬಂಡವಾಳದಲ್ಲಿ ಶುರುವಾದ ವ್ಯಾಪಾರ ಎಂಟುನೂರಕ್ಕಿಂತ ಕೆಳಗಿಳಿಯಿತು. ಇದನ್ನೆಲ್ಲ ಮುಚ್ಚಿಡದೆ ಆ ಕಂಪೆನಿಯೇ ಜೂನ್ ತಿಂಗಳಲ್ಲಿ ಪ್ರಕಟಿಸಿತು ಎಂಬುದನ್ನು ಮೆಚ್ಚಬೇಕು.

ಶೆಟ್ಟರ ಅಂಗಡಿಯ ಗಲ್ಲಾದಲ್ಲಿ ಹತ್ತನೇ ತರಗತಿಯ ಹುಡುಗಿಯನ್ನು ಕೂರಿಸಿದರೂ ಇದಕ್ಕಿಂತ ಚೆನ್ನಾಗಿ ನಡೆಸುತ್ತಾಳೆ. ಆದರೆ ಯಂತ್ರಗಳು ಬೇಗ ಬೇಗ ಕಲಿಯುತ್ತಿವೆ ಎಂಬುದೂ ನಿಜ. ನಕ್ಕು ಪಕ್ಕಕ್ಕೆ ಸರಿಸುವಂಥ ವಿಷಯವಲ್ಲ ಇದು.

ನಿಮ್ಮ ಮೊಬೈಲಿನಲ್ಲಿರುವ ತಮ್ಮ

ಈಗ ಆ ತಮ್ಮನ ವಿಷಯಕ್ಕೆ ಬರೋಣ. ಯು.ಪಿ.ಐ. 2016ರಲ್ಲಿ ಬಂತು. ತರಕಾರಿ ಗಾಡಿಯವನಿಗೂ ಮೊಬೈಲಿನಿಂದ ದುಡ್ಡು ಕೊಡುವುದು ಇಂದು ನಮಗೆ ರೂಢಿಯಾಗಿದೆ. 2020ರ ಜುಲೈನಲ್ಲಿ ಅದಕ್ಕೆ 'ಆಟೋಪೇ' ಎಂಬ ಸೌಕರ್ಯ ಸೇರಿತು. ಒಮ್ಮೆ ಒಪ್ಪಿಗೆ ಕೊಟ್ಟು ನಾಲ್ಕಾರು ಅಂಕಿಯ ಗುಟ್ಟಿನ ಪಿನ್ ಒತ್ತಿದರೆ ಸಾಕು, ಆಮೇಲೆ ತಿಂಗಳು ತಿಂಗಳು ತಾನೇ ತಾನಾಗಿ ಹಣ ಕಡಿತವಾಗುತ್ತದೆ. ಕರೆಂಟಿನ ಬಿಲ್ಲು, ವಿಮೆಯ ಕಂತು, ಟಿ.ವಿ. ಚಂದಾ ಇಂಥವಕ್ಕೆ ಅನುಕೂಲವೇ ಸರಿ. ಮತ್ತೆ ಮತ್ತೆ ಪಿನ್ ಕೇಳದೆ ಒಂದು ಸಲಕ್ಕೆ ಹೋಗಬಹುದಾದ ಮೊತ್ತವನ್ನು ರಿಸರ್ವ್ ಬ್ಯಾಂಕು 2022ರ ಜೂನ್‌ನಲ್ಲಿ 5,000 ರೂಪಾಯಿಯಿಂದ 15,000ಕ್ಕೆ ಏರಿಸಿತು. ವಿಮೆ, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡ್ ಬಿಲ್ಲುಗಳಿಗೆ 2023ರ ಡಿಸೆಂಬರ್‌ನಲ್ಲಿ ಒಂದು ಲಕ್ಷದವರೆಗೆ ಅವಕಾಶ ಕೊಟ್ಟಿತು. ಕಡಿತಕ್ಕೆ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕೆಂಬ ನಿಯಮವನ್ನೂ ಇಟ್ಟಿತು.

ತಿಳಿಸುತ್ತಾರೆ, ಇಲ್ಲವೆನ್ನಲಾರೆ. ಆದರೆ ಯಾವ ಭಾಷೆಯಲ್ಲಿ? ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಒಂದು ಸಾಲಿನ ಸಂದೇಶ. ಸೀರೆ ಅಂಗಡಿಯ ಜಾಹೀರಾತು, ಸಾಲ ಕೊಡುತ್ತೇವೆಂಬ ಜಾಹೀರಾತುಗಳ ನಡುವೆ ಬಂದು ಕೂರುತ್ತದೆ. ನಿಮ್ಮಲ್ಲಿ ಎಷ್ಟು ಜನ ಅದನ್ನು ತೆರೆದು ಓದುತ್ತೀರಿ, ಹೇಳಿ ನೋಡೋಣ?

ಮೋಸವಲ್ಲದಿದ್ದರೂ ಮೋಸದಂತೆಯೇ ಕಾಣುವ ಒಂದು ಉಪಾಯ ಈಗ ಬಹಳ ನಡೆಯುತ್ತಿದೆ. "ಒಂದೇ ರೂಪಾಯಿಗೆ ಏಳು ದಿನ ಧಾರಾವಾಹಿ ನೋಡಿ" ಎನ್ನುತ್ತಾರೆ. ಒಂದು ರೂಪಾಯಿ ತಾನೇ ಎಂದು ನೀವು ಪಿನ್ ಒತ್ತುತ್ತೀರಿ. ಆ ಪಿನ್ನಿನಿಂದ ನೀವು ಕೊಟ್ಟದ್ದು ಒಂದು ರೂಪಾಯಿಯನ್ನಷ್ಟೇ ಅಲ್ಲ, ಎಂಟನೆಯ ದಿನದಿಂದ ಮುನ್ನೂರೋ ಐನೂರೋ ಕಡಿತ ಮಾಡಿಕೊಳ್ಳುವ ಅಧಿಕಾರವನ್ನು. ಮಗು ಆಟವಾಡುತ್ತಾ ಅಜ್ಜಿಯ ಫೋನಿನಲ್ಲಿ ಹೀಗೆ ಒಪ್ಪಿಗೆ ಕೊಡಿಸಿದರಂತೂ ಯಾರಿಗೂ ಗೊತ್ತಾಗುವುದಿಲ್ಲ. ಸುಲಭವಾಗಿ ಸೇರಿಸಿಕೊಂಡು ಬಿಡಿಸಿಕೊಳ್ಳಲು ಮಾತ್ರ ತಿಣುಕಾಡಿಸುವುದನ್ನು 'ಚಂದಾ ಬಲೆ' ಎಂದೇ ಗುರುತಿಸಿ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ನಿಷೇಧಿಸಿದ 13 ಬಗೆಯ ಕುಟಿಲ ತಂತ್ರಗಳ ಪಟ್ಟಿಯಲ್ಲಿ ಸೇರಿಸಿದೆ. ಕೇಳದೆಯೇ ಬುಟ್ಟಿಗೆ ಸಾಮಾನು ತುರುಕುವುದೂ ಆ ಪಟ್ಟಿಯಲ್ಲಿದೆ.

2024ರ ಆಗಸ್ಟ್‌ನಲ್ಲಿ ಬಂದದ್ದು 'ಯು.ಪಿ.ಐ. ಸರ್ಕಲ್'. ಇದು ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಪಟ್ಟದ್ದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಬ್ಯಾಂಕ್ ಖಾತೆಯಿಂದ ಇನ್ನೊಬ್ಬರು ಹಣ ಕೊಡಲು ನೀವು ಅಧಿಕಾರ ಕೊಡಬಹುದು, ಐದು ಮಂದಿಯವರೆಗೆ. ಇದರಲ್ಲಿ ಎರಡು ಬಗೆ. ಪೂರ್ತಿ ಅಧಿಕಾರ ಕೊಟ್ಟರೆ ಆತ ನಿಮ್ಮನ್ನು ಕೇಳಬೇಕಾಗಿಲ್ಲ. ಆದರೆ ಒಂದು ಸಲಕ್ಕೆ 5,000, ತಿಂಗಳಿಗೆ 15,000 ರೂಪಾಯಿ ದಾಟುವಂತಿಲ್ಲ ಎಂದು ಮಿತಿ ಹಾಕಿದ್ದಾರೆ. ಅರ್ಧ ಅಧಿಕಾರವಾದರೆ ಪ್ರತಿ ಸಲವೂ ನಿಮ್ಮ ಫೋನಿಗೆ ಕೋರಿಕೆ ಬರುತ್ತದೆ, ನೀವು ಪಿನ್ ಒತ್ತಿದರೆ ಮಾತ್ರ ಹಣ ಹೋಗುತ್ತದೆ. ಹಾಸ್ಟೆಲಿನಲ್ಲಿರುವ ಮಗಳಿಗೆ, ಔಷಧಿ ತಂದುಕೊಡುವ ನೆರೆಮನೆಯ ಹುಡುಗನಿಗೆ ಇದು ಒಳ್ಳೆಯದೇ. ಸ್ವಂತ ಬ್ಯಾಂಕ್ ಖಾತೆಯಿಲ್ಲದ ಗೃಹಿಣಿಗೂ ಗಂಡನ ಖಾತೆಯಿಂದ ಖರ್ಚು ಮಾಡುವ ಸ್ವಾತಂತ್ರ್ಯ ಸಿಗುತ್ತದೆ. (ಆಕೆಗೆ ಸ್ವಂತ ಖಾತೆ ತೆರೆದುಕೊಡುವುದು ಇನ್ನೂ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಿದರೆ, ನಾನೂ ಅದನ್ನೇ ಕೇಳುತ್ತೇನೆ!)

ಅಣ್ಣ ತಮ್ಮಂದಿರು ಕೈ ಹಿಡಿದದ್ದು ಇಲ್ಲೇ. 2025ರ ಅಕ್ಟೋಬರ್‌ನಲ್ಲಿ ನಮ್ಮ ಯು.ಪಿ.ಐ. ನಡೆಸುವ ರಾಷ್ಟ್ರೀಯ ಪಾವತಿ ನಿಗಮ, ಬೆಂಗಳೂರಿನ ರೇಜರ್‌ಪೇ ಹಾಗೂ ಓಪನ್ ಎ.ಐ. ಮೂವರೂ ಸೇರಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಚಾಟ್‌ಜಿಪಿಟಿಯ ಜೊತೆ ಮಾತಾಡುತ್ತಾ ಮಾತಾಡುತ್ತಲೇ ಸಾಮಾನು ಆರಿಸಿ, ಅಲ್ಲಿಂದಲೇ ಯು.ಪಿ.ಐ. ಮೂಲಕ ಹಣ ಕೊಡುವ ಏರ್ಪಾಡು ಅದು. ಮೊದಲಿಗೆ ಸೇರಿದ ಅಂಗಡಿಗಳಲ್ಲಿ ಬೆಂಗಳೂರಿನ ಬಿಗ್‌ಬ್ಯಾಸ್ಕೆಟ್ ಒಂದು. ಯಂತ್ರಕ್ಕೆ ಅಧಿಕಾರ ಕೊಡಲು ಬಳಸಿದ್ದು ಇದೇ ಸರ್ಕಲ್ ವಿದ್ಯೆಯನ್ನು, ಜೊತೆಗೆ 'ರಿಸರ್ವ್ ಪೇ' ಎಂಬ ಇನ್ನೊಂದನ್ನು. ಅದು ಅಂಗಡಿಯಲ್ಲಿ ಮುಂಗಡ ಇಟ್ಟ ಹಾಗೆ: ನಿಮ್ಮ ಖಾತೆಯಲ್ಲೇ ಇಂತಿಷ್ಟು ಹಣವನ್ನು ಒಂದು ವ್ಯಾಪಾರಕ್ಕೆಂದು ಕಟ್ಟಿಡುವುದು, ಬೇಕಾದಾಗಲೆಲ್ಲ ಅದರಿಂದ ಮುರಿದುಕೊಳ್ಳುವುದು. "ನಾಲ್ಕು ಜನಕ್ಕೆ ಬಿಸಿಬೇಳೆಬಾತಿಗೆ ಏನೇನು ಬೇಕೋ ತರಿಸು" ಎಂದರೆ ಸಾಕು, ಬೇಳೆ ಬೆಲ್ಲ ಎಲ್ಲ ಬಾಗಿಲಿಗೆ ಬಂದು ಬೀಳುತ್ತದೆ ಎಂಬುದು ಅವರ ಕನಸು.

ಬರುವುದೇನೋ ಬರಬಹುದು. ಯಾವ ಬೇಳೆ? ಮನೆಯಲ್ಲಿ ಅರ್ಧ ಡಬ್ಬಿ ಇದೆಯೆಂದು ಅದಕ್ಕೆ ಗೊತ್ತೇ? ಮಾವನವರಿಗೆ ಸಕ್ಕರೆ ಕಾಯಿಲೆ, ಬೆಲ್ಲ ಕಡಿಮೆ ಸಾಕು ಎಂದು ಗೊತ್ತೇ? ಅದೆಲ್ಲ ಗೊತ್ತಿರಬೇಕಾದರೆ ನಿಮ್ಮ ಅಡಿಗೆಮನೆಯ ಗುಟ್ಟು, ಮನೆಯವರ ಆರೋಗ್ಯದ ಗುಟ್ಟು ಎಲ್ಲವನ್ನೂ ಅದಕ್ಕೆ ಬಿಟ್ಟುಕೊಡಬೇಕು. ಒಳ್ಳೆಯ ಆಳಾಗಬೇಕಾದರೆ ಮನೆಯ ಒಳಗಿನದೆಲ್ಲ ತಿಳಿದಿರಬೇಕು. ತಿಳಿದ ಆಳು ಹೊರಗೆ ಏನು ಹೇಳಿ ಬರುತ್ತಾನೆಂದು ನಾವು ಹಿಂದಿನಿಂದಲೂ ಅಂಜಿಕೊಂಡೇ ಬಂದವರು.

ತಪ್ಪಾದರೆ ಯಾರ ತಲೆಗೆ?

ಇದೇ ಮುಖ್ಯ ಪ್ರಶ್ನೆ. ನಮ್ಮ ಹಿರಿಯರಿಗೆ ಮುಖ್ತ್ಯಾರ್ ಪತ್ರ ಗೊತ್ತಿತ್ತು. ಹಳ್ಳಿಯ ಜಮೀನು ನೋಡಿಕೊಳ್ಳಲು ಭಾವಮೈದುನನ ಹೆಸರಿಗೆ 'ಪವರ್' ಬರೆದುಕೊಟ್ಟು, ಆಮೇಲೆ ಕೋರ್ಟು ಮೆಟ್ಟಿಲು ಹತ್ತಿದ ಕುಟುಂಬಗಳು ಎಷ್ಟಿಲ್ಲ! ಒಬ್ಬರ ಪರವಾಗಿ ಇನ್ನೊಬ್ಬರು ವ್ಯವಹರಿಸುವುದಕ್ಕೆ ನಮ್ಮ ದೇಶದಲ್ಲಿ 1872ರ ಕರಾರು ಕಾಯಿದೆಯೇ ಇದೆ. ಅದರ ಪ್ರಕಾರ ಏಜೆಂಟ್ ಎಂದರೆ ಒಬ್ಬ 'ವ್ಯಕ್ತಿ'. ಅವನು ಅಸಡ್ಡೆ ಮಾಡಿ ಯಜಮಾನನಿಗೆ ನಷ್ಟವಾದರೆ ಅವನಿಂದ ಪರಿಹಾರ ಕೇಳಬಹುದು. ಯಂತ್ರ ವ್ಯಕ್ತಿಯಲ್ಲ. ಅದರ ಮೇಲೆ ದಾವೆ ಹೂಡುವಂತಿಲ್ಲ, ಅದಕ್ಕೆ ಆಸ್ತಿಯಿಲ್ಲ, ಮಾನವಿಲ್ಲ.

ಹಾಗಾದರೆ ಅದು ಮಾಡಿದ್ದು ಯಾರು ಮಾಡಿದ ಹಾಗೆ? ಇದಕ್ಕೆ ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 11ನೆಯ ಕಲಮಿನಲ್ಲಿ ಉತ್ತರವಿದೆ. ನೀವು ಖುದ್ದಾಗಿ ಕಳಿಸಿದ್ದು ಮಾತ್ರವಲ್ಲ, ನಿಮ್ಮ ಪರವಾಗಿ ತಾನೇ ತಾನಾಗಿ ನಡೆಯುವಂತೆ ಅಣಿಗೊಳಿಸಿಟ್ಟ ಯಂತ್ರವ್ಯವಸ್ಥೆ ಕಳಿಸಿದ ವಿದ್ಯುನ್ಮಾನ ದಾಖಲೆಯೂ ನೀವೇ ಕಳಿಸಿದ್ದೆಂದು ಎಣಿಕೆ. ಚಾಟ್‌ಜಿಪಿಟಿ ಎಂಬ ಹೆಸರನ್ನು ಯಾರೂ ಕೇಳಿರದಿದ್ದ ಕಾಲದಲ್ಲಿ ಬರೆದ ಕಾನೂನು ಇದು. ಇಂದು ಅದು ನಿಮ್ಮ ಅಡಿಗೆಮನೆಯ ತನಕ ಬಂದಿದೆ ನೋಡಿ. "ನಾನಲ್ಲ ಸ್ವಾಮೀ, ನನ್ನ ಫೋನು ಕೊಂಡಿದ್ದು" ಎಂಬ ಮಾತು ನಿಲ್ಲುವುದು ಕಷ್ಟ.

ಈ ನ್ಯಾಯ ಬಡವರಿಗೊಂದು, ಕಂಪೆನಿಗಳಿಗೊಂದು ಆಗಬಾರದು ತಾನೇ? ಕೆನಡಾದಲ್ಲಿ ಅದೂ ಪರೀಕ್ಷೆಗೆ ಬಂತು. ಅಜ್ಜಿ ತೀರಿಕೊಂಡ ಸುದ್ದಿ ಕೇಳಿ ಊರಿಗೆ ಹೊರಟ ಒಬ್ಬಾತ 2022ರಲ್ಲಿ ಏರ್ ಕೆನಡಾ ವಿಮಾನ ಕಂಪೆನಿಯ ಉತ್ತರ ಹೇಳುವ ಯಂತ್ರವನ್ನು ವಿಚಾರಿಸಿದ. ಸಾವಿನ ಸಂದರ್ಭದ ರಿಯಾಯಿತಿಗೆ ಟಿಕೆಟ್ ಕೊಂಡ ಮೇಲೂ 90 ದಿನದೊಳಗೆ ಅರ್ಜಿ ಹಾಕಬಹುದು ಎಂದು ಅದು ಹೇಳಿತು. ಆತ ನಂಬಿದ. ಆಮೇಲೆ ಕಂಪೆನಿ, ಹಾಗೆ ಕೊಡುವ ಕ್ರಮವಿಲ್ಲ ಎಂದಿತು. ವ್ಯಾಜ್ಯ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಹೋದಾಗ ಕಂಪೆನಿ ಮಾಡಿದ ವಾದವನ್ನು ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ: ಆ ಯಂತ್ರ ಬೇರೆಯೇ ಒಂದು ಅಸ್ತಿತ್ವ, ಅದು ಹೇಳಿದ್ದಕ್ಕೆ ಅದೇ ಹೊಣೆ! 2024ರ ಫೆಬ್ರವರಿಯಲ್ಲಿ ಮಂಡಳಿ ಈ ವಾದವನ್ನು ತಳ್ಳಿಹಾಕಿ ಸುಮಾರು 812 ಕೆನಡಾ ಡಾಲರ್ ಕೊಡಿಸಿತು. ಆಳನ್ನು ಇಟ್ಟುಕೊಂಡವರು ಆಳಿನ ಮಾತಿಗೆ ಹೊಣೆ ಎಂಬ ನ್ಯಾಯ ಅಲ್ಲಿ ಕಂಪೆನಿಯ ತಲೆಗೆ ಬಂತು. ಅದೇ ನ್ಯಾಯ ನಮ್ಮ ತಲೆಗೂ ಬರುತ್ತದೆ ಎಂಬುದನ್ನು ಮರೆಯಬಾರದು.

ಕಳ್ಳರ ಮಾತನ್ನೂ ಒಂದಿಷ್ಟು ಆಡಬೇಕು. ಎದುರು ಮನೆಯ ಹುಡುಗನ ಕೈಲಿ ಚೀಟಿ ಕೊಟ್ಟು ಕಳಿಸಿದಿರಿ. ದಾರಿಯಲ್ಲಿ ಯಾರೋ ಆ ಚೀಟಿಯ ಅಡಿಯಲ್ಲಿ ಇನ್ನೊಂದು ಸಾಲು ಬರೆದರೆ? ಹುಡುಗ "ಇದು ಅಮ್ಮನ ಅಕ್ಷರ ಅಲ್ಲ" ಎಂದು ಗುರುತಿಸಿಯಾನು. ಯಂತ್ರಕ್ಕೆ ಈ ಗುರುತು ಇನ್ನೂ ಸರಿಯಾಗಿ ಬಂದಿಲ್ಲ. ಅದು ಓದುವ ಪುಟದಲ್ಲಿ ಬಿಳಿಯ ಮೇಲೆ ಬಿಳಿಯ ಅಕ್ಷರದಲ್ಲಿ, ನಮ್ಮ ಕಣ್ಣಿಗೆ ಕಾಣದ ಹಾಗೆ, "ಈಗ ಹೀಗೆ ಮಾಡು" ಎಂದು ಬರೆದಿಟ್ಟರೆ ಅದನ್ನೂ ಯಜಮಾನಿಯ ಅಪ್ಪಣೆಯೆಂದೇ ತಿಳಿಯುವುದುಂಟು. 2025ರ ಆಗಸ್ಟ್‌ನಲ್ಲಿ ಬ್ರೇವ್ ಎಂಬ ಸಂಸ್ಥೆಯ ತಜ್ಞರು ಪರ್‌ಪ್ಲೆಕ್ಸಿಟಿ ಕಂಪೆನಿಯ 'ಕಾಮೆಟ್' ಎಂಬ ಸಾಧನದಲ್ಲಿ ಇದನ್ನು ತೋರಿಸಿಕೊಟ್ಟರು. ಬಳಕೆದಾರ ಕೇಳಿದ್ದು "ಈ ಪುಟದಲ್ಲೇನಿದೆ, ಚುಟುಕಾಗಿ ಹೇಳು" ಎಂದಷ್ಟೇ. ಪುಟದಲ್ಲಿ ಅಡಗಿಸಿದ್ದ ಬರಹವನ್ನು ನಂಬಿ ಯಂತ್ರ ಆತನ ಮಿಂಚಂಚೆಯನ್ನು ತೆರೆದು, ಅಲ್ಲಿದ್ದ ಓ.ಟಿ.ಪಿ.ಯನ್ನು ಹೊರಗೆ ಒಪ್ಪಿಸಿತು! ಪರೀಕ್ಷೆಗಾಗಿ ಮಾಡಿದ್ದರಿಂದ ಯಾರ ಹಣವೂ ಹೋಗಲಿಲ್ಲ. "ಓ.ಟಿ.ಪಿ. ಯಾರಿಗೂ ಹೇಳಬೇಡಿ" ಎಂದು ನಾವು ಬಾಯಿಪಾಠ ಮಾಡಿದ್ದೇವೆ. ನಮ್ಮ ಪರವಾಗಿ ಇರುವವನೇ ಹೇಳಿಬಿಟ್ಟರೆ ಏನು ಗತಿ?

ಹಣದ ಮಾತು ಒತ್ತಟ್ಟಿಗಿರಲಿ. ಬಂಬಲ್ ಎಂಬ ಗಂಡು ಹೆಣ್ಣು ಜೋಡಿಸುವ ಕಂಪೆನಿಯ ಸ್ಥಾಪಕಿ ವಿಟ್ನಿ ವುಲ್ಫ್ ಹರ್ಡ್ 2024ರ ಮೇ ತಿಂಗಳಲ್ಲಿ ಹೇಳಿದ್ದನ್ನು ಕೇಳಿ. ಮುಂದೆ ನಿಮ್ಮ ಯಂತ್ರ ಇನ್ನೊಬ್ಬರ ಯಂತ್ರದ ಜೊತೆ ತಾನೇ ಮಾತುಕತೆಯಾಡಿ, ಯಾರು ಯಾರಿಗೆ ಹೊಂದುತ್ತಾರೆಂದು ನೋಡಿ ಹೇಳಬಹುದಂತೆ. ಅಮೆರಿಕದವರು ಇದನ್ನು ಕೇಳಿ ಬೆರಗಾದರು, ಹಾಸ್ಯವನ್ನೂ ಮಾಡಿದರು. ನಮಗೇನು ಬೆರಗು! ಹುಡುಗ ಹುಡುಗಿ ಮುಖ ನೋಡುವ ಮೊದಲೇ ಎರಡೂ ಕಡೆಯ ಜಾತಕಗಳು, ದಲ್ಲಾಳಿಗಳು, ಸೋದರತ್ತೆಯರು ಮಾತಾಡಿ ಮುಗಿಸುತ್ತಿದ್ದ ನಾಡು ನಮ್ಮದು. ಒಂದೇ ವ್ಯತ್ಯಾಸ, ಸೋದರತ್ತೆ ತಪ್ಪು ಹೇಳಿದರೆ ಆಮೇಲೆ ಪ್ರತಿ ಹಬ್ಬಕ್ಕೂ ಅವಳು ಆ ಮಾತು ಕೇಳಬೇಕಾಗುತ್ತಿತ್ತು.

ಹಾಗೆಂದು ಇದೆಲ್ಲ ಕೆಟ್ಟದ್ದು, ದೂರ ತಳ್ಳಿ ಎಂದು ನಾನು ಹೇಳುತ್ತಿಲ್ಲ. ಕಣ್ಣಿನ ಪೊರೆಯಿಂದ ಪರದೆಯ ಅಕ್ಷರ ಕಾಣದ ಅಜ್ಜಿಗೆ, ಕೀಲುನೋವಿನಿಂದ ಸಣ್ಣ ಗುಂಡಿ ಒತ್ತಲಾಗದವರಿಗೆ, ಇಂಗ್ಲಿಷಿನ ಅರ್ಜಿ ನೋಡಿದರೇ ಎದೆ ಡವಗುಟ್ಟುವವರಿಗೆ, "ನನ್ನ ಪಿಂಚಣಿ ಬಂತಾ ನೋಡು" ಎಂದು ಕನ್ನಡದಲ್ಲೇ ಹೇಳಿ ಕೆಲಸ ಮಾಡಿಸಿಕೊಳ್ಳುವುದು ಎಷ್ಟು ದೊಡ್ಡ ಬಿಡುಗಡೆ! ಇಂದು ಆ ಕೆಲಸಕ್ಕೆ ಅವರು ಮೊಮ್ಮಗನ ಮರ್ಜಿ ಕಾಯಬೇಕು, ಇಲ್ಲವೇ ಅಂಗಡಿಯವನಿಗೆ ಪಿನ್ ಹೇಳಿಕೊಡಬೇಕು. ಪಿನ್ ಹೇಳಿಕೊಟ್ಟು ಕಳೆದುಕೊಂಡವರ ಸಂಕಟ ಏಜೆಂಟ್ ಯಂತ್ರಕ್ಕಿಂತ ಹಳೆಯದು.

ನನ್ನ ಚಿಂತೆ ಬೇರೆ. ನಮ್ಮ ಎಷ್ಟೋ ಮನೆಗಳಲ್ಲಿ ಗೃಹಿಣಿಯ ಹೆಸರಲ್ಲಿ ಖಾತೆಯಿದೆ, ಅವಳ ಹೆಸರಲ್ಲಿ ಸಿಮ್ ಇದೆ, ಆದರೆ ಅದನ್ನು ನಡೆಸುವವನು ಗಂಡ ಅಥವಾ ಮಗ. "ಅಮ್ಮಾ, ನೀನ್ಯಾಕೆ ತಲೆ ಕೆಡಿಸ್ಕೋತೀಯ? ನಾನೆಲ್ಲ ಸೆಟ್ ಮಾಡಿಟ್ಟಿದೀನಿ" ಎನ್ನುತ್ತಾನೆ ಮಗ, ಪ್ರೀತಿಯಿಂದಲೇ. ಆ ಮಗ ಮುಂದೆ ಆ ಕೆಲಸವನ್ನು ಯಂತ್ರಕ್ಕೆ ವಹಿಸುತ್ತಾನೆ. ಆಗ ಅವಳ ಹೆಸರು, ಮಗನ ಒಪ್ಪಿಗೆ, ಯಂತ್ರದ ಕೈ. ಹೊಣೆ ಮಾತ್ರ ಹೆಸರಿದ್ದವಳದ್ದು. ಬ್ಯಾಂಕಿನಿಂದ ಪತ್ರ ಬಂದಾಗ ಸಹಿ ಮಾಡಲು ಕರೆಯುವುದು ಅವಳನ್ನೇ.

ಆದ್ದರಿಂದ ಈ ವಾರ ಒಂದು ಮಧ್ಯಾಹ್ನ, ಅಡಿಗೆ ಕೆಲಸ ಮುಗಿದ ಮೇಲೆ, ನಿಮ್ಮ ಫೋನು ಹಿಡಿದು ಕೂರಿ. ಮಗನೋ ಮಗಳೋ ಪಕ್ಕದಲ್ಲಿದ್ದರೆ ಅವರು ತೋರಿಸಲಿ, ಒತ್ತುವವರು ನೀವಾಗಿ. ನೀವು ಹಣ ಕಳಿಸುವ ಆ್ಯಪ್ ತೆರೆದು ನಿಮ್ಮ ಹೆಸರಿನ ಚಿತ್ರ ಒತ್ತಿದರೆ ಅಲ್ಲಿ 'ಆಟೋಪೇ' ಅಥವಾ 'ಮ್ಯಾಂಡೇಟ್' ಎಂಬ ಮಾತು ಸಿಗುತ್ತದೆ. ಅದರೊಳಗೆ ಯಾರು ಯಾರಿಗೆ ನಿಮ್ಮ ಖಾತೆಯಿಂದ ಹಣ ಮುರಿದುಕೊಳ್ಳುವ ಅಧಿಕಾರವಿದೆ ಎಂಬ ಪಟ್ಟಿ ಇರುತ್ತದೆ. ಗುರುತಿಲ್ಲದ ಹೆಸರು ಕಂಡರೆ ಅಲ್ಲೇ ನಿಲ್ಲಿಸಬಹುದು. ಎರಡು ಮೂರು ಆ್ಯಪ್‌ಗಳಿದ್ದರೆ ಪ್ರತಿಯೊಂದರಲ್ಲೂ ನೋಡಬೇಕು. 'ಸರ್ಕಲ್' ಇದ್ದರೆ ಅದರಲ್ಲಿ ಯಾರಿದ್ದಾರೆ, ಪೂರ್ತಿ ಅಧಿಕಾರವೋ ಅರ್ಧ ಅಧಿಕಾರವೋ ನೋಡಿ. ನನ್ನನ್ನು ಕೇಳಿದರೆ, ಮನುಷ್ಯರಿಗಾಗಲಿ ಯಂತ್ರಕ್ಕಾಗಲಿ ಅರ್ಧ ಅಧಿಕಾರವೇ ಸಾಕು. ಪ್ರತಿ ಸಲ ಪಿನ್ ಒತ್ತುವುದು ಬೇಸರದ ಕೆಲಸ ನಿಜ, ಮೊಸರು ಕಡೆಯುವುದೂ ಬೇಸರದ ಕೆಲಸವೇ.

ಯಂತ್ರದಿಂದ ಕೆಲಸ ಮಾಡಿಸಿ ನೋಡುವ ಆಸೆಯಿದ್ದರೆ, ಮೊದಲು ಹುಡುಕುವ ಕೆಲಸ ಕೊಡಿ, ಕೊಳ್ಳುವ ಕೆಲಸ ಬೇಡ. ಕಾರ್ಡಿನ ಸಂಖ್ಯೆಯನ್ನು ಅದರಲ್ಲಿ ಉಳಿಸಿಡಬೇಡಿ. ಉಳಿತಾಯವೆಲ್ಲ ಇರುವ ಖಾತೆಯನ್ನು ಫೋನಿಗೆ ಜೋಡಿಸುವ ಬದಲು, ಸಣ್ಣದೊಂದು ಬೇರೆ ಖಾತೆ ಮಾಡಿ ತಿಂಗಳ ಖರ್ಚಿನಷ್ಟನ್ನೇ ಅದರಲ್ಲಿ ಹಾಕಿಡಿ. ಸಾಸಿವೆ ಡಬ್ಬಿಯಲ್ಲಿ ಕಾಸಿಡುತ್ತಿದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಣ ಹೋದದ್ದು ತಿಳಿದೊಡನೆ ಬ್ಯಾಂಕಿಗೂ, 1930 ಸಂಖ್ಯೆಗೂ ಫೋನು ಮಾಡಿ. ಚಂದಾ ಬಲೆಯಂಥ ತಕರಾರಿಗೆ ಗ್ರಾಹಕರ ಸಹಾಯವಾಣಿ 1915. "ಯಜಮಾನರು ಬಂದ ಮೇಲೆ ಹೇಳಿದರಾಯಿತು" ಎಂದು ಸಂಜೆಯವರೆಗೆ ಕಾಯಬೇಡಿ, ಮೊದಲ ಗಂಟೆಯೇ ಬೆಲೆಯುಳ್ಳದ್ದು. ಬೇರೆಯವರ ಮೋಸದಿಂದಾದ ನಷ್ಟವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲ, ಆದರೆ ಗುಟ್ಟಿನ ಸಂಖ್ಯೆಯನ್ನು ತಾವೇ ಹಂಚಿಕೊಂಡಿದ್ದರೆ ತಿಳಿಸುವವರೆಗಿನ ನಷ್ಟ ಅವರದೇ ಎಂದು ರಿಸರ್ವ್ ಬ್ಯಾಂಕು 2017ರ ಜುಲೈ ಸುತ್ತೋಲೆಯಲ್ಲೇ ಹೇಳಿತ್ತು.

ಇನ್ನೊಂದು ಮಾತು. ಆಡಲು ನಾಲಿಗೆ ಹಿಂಜರಿಯುವ ಮಾತು, ಆದರೂ ಆಡುತ್ತೇನೆ. 1872ರ ಆ ಕಾಯಿದೆಯಲ್ಲಿ ಯಜಮಾನ ತೀರಿಕೊಂಡರೆ ಏಜೆಂಟನ ಅಧಿಕಾರವೂ ಮುಗಿಯಿತು ಎಂದಿದೆ. ಮನುಷ್ಯ ಏಜೆಂಟನಾದರೆ ಸುದ್ದಿ ತಿಳಿದು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಯಂತ್ರಕ್ಕೆ ಸಾವಿನ ಸುದ್ದಿ ಯಾರು ಹೇಳಬೇಕು? ಬ್ಯಾಂಕಿಗೆ ತಿಳಿಸುವವರೆಗೆ ಹೋದವರ ಖಾತೆಯಿಂದ ಚಂದಾ ಹೋಗುತ್ತಲೇ ಇರುತ್ತದೆ. ವೈಕುಂಠ ಸಮಾರಾಧನೆಯ ದಿನವೂ ಅವರ ಫೋನಿಗೆ "ನಿಮ್ಮ ಪಾವತಿ ಯಶಸ್ವಿಯಾಗಿದೆ" ಎಂದು ಬರುತ್ತದೆ. ಆ ಫೋನಿನ ಬೀಗವನ್ನೇ ತೆರೆಯಲಾಗದೆ ಹೆಂಗಸರು ಬ್ಯಾಂಕಿನ ಮುಂದೆ ಕೂತಿರುತ್ತಾರೆ.

ಎಲ್.ಐ.ಸಿ. ಪಾಲಿಸಿ, ಮನೆಯ ಪತ್ರ, ನಾಮಿನಿ ಕಾಗದಗಳನ್ನಿಟ್ಟ ಪೆಟ್ಟಿಗೆಯಲ್ಲಿ ಒಂದು ಹಾಳೆ ಸೇರಿಸಿ. ಯಾವ ಖಾತೆಯಿಂದ, ಯಾರಿಗೆ, ತಿಂಗಳ ಯಾವ ತಾರೀಕು, ಎಷ್ಟು ಹಣ ತಾನೇ ತಾನಾಗಿ ಹೋಗುತ್ತದೆ, ಯಾವ ಆ್ಯಪಿನಲ್ಲಿ ಅದನ್ನು ನಿಲ್ಲಿಸಬಹುದು ಎಂದು ಗಂಡ ಹೆಂಡತಿ ಇಬ್ಬರೂ ಕೂತು ಬರೆಯಿರಿ. ಪಿನ್ ಬರೆಯಬೇಡಿ. ಯುಗಾದಿಗೊಮ್ಮೆ ಮನೆ ಗುಡಿಸುವಾಗ ಆ ಹಾಳೆ ತೆಗೆದು, ಬೇಡವಾದ ಸಾಲುಗಳನ್ನು ಹೊಡೆದುಹಾಕಿ, ಹೊಸದನ್ನು ಸೇರಿಸಿ, ತಾರೀಕು ಹಾಕಿಡಿ.